ಸಾವಂತ್ರಜ್ಜಿಯ ಮೇಲೆ ಕೂತ ಮಾತು

ಸಾವಂತ್ರಜ್ಜಿಯ ಮೇಲೆ ಮಾತು ಕೂತಾಗ ನಾನೂ ನನ್ನ ಗಂಡನೂ ಅವಳ ಮನೆಯ ಹೊಸ್ತಿಲಲ್ಲೇ ಇದ್ದೆವು. ತೊಟ್ಟಿಲಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ನಮ್ಮ ಭಾರತಿಗೆ ಮೊದಲ ಕೂಸು, ಮಾರನೆಯ ದಿನ ಹೆಸರಿಡುವ ಶಾಸ್ತ್ರ. ಅಜ್ಜಿಯ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅಟ್ಟದಿಂದ ತೊಟ್ಟಿಲು ಇಳಿಸಿ, ಧೂಳು ಒರೆಸಿ, ಬಾಗಿಲು ದಾಟಿಸುತ್ತಿದ್ದೆವು. ಪಕ್ಕದಲ್ಲಿ ನಿಂತಿದ್ದ ಅಜ್ಜಿ ನಿಧಾನ, ಬಾಗಿಲಿಗೆ ತಗುಲಿಸಬೇಡಿ ಅನ್ನುವುದಕ್ಕೇ ಬಾಯಿ ತೆರೆದಿರಬೇಕು. ಬಂದದ್ದು ಬೇರೆ. "ಡಿಯೋಡಾಂಡ್" ಅಂದಳು. ಅಂದವಳು ತಾನೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದಳು.

ನನ್ನ ಗಂಡ ತೊಟ್ಟಿಲನ್ನು ಕೆಳಗಿಟ್ಟು, "ಏನಂದೆ ಅಜ್ಜಿ, ಇನ್ನೊಂದ್ಸಲ ಅನ್ನು" ಅಂದರು. ಅಜ್ಜಿ ಕೈ ತೆಗೆದು, ಗಂಟಲು ಸರಿಮಾಡಿಕೊಂಡು, ನಮ್ಮಿಬ್ಬರ ಹೆಸರನ್ನಾದರೂ ಕರೆಯಲು ಹೆಣಗಿದಳು. "ಡಿಯೋಡಾಂಡ್, ಡಿಯೋಡಾಂಡ್." ಕಣ್ಣಲ್ಲಿ ನೀರು ಬಂತು. "ತಗಾ, ಅಜ್ಜಿಗೂ ಕೂತ್ಕಂತು" ಅಂದರು ನನ್ನ ಗಂಡ. "ಹೆದರ್ಕಬ್ಯಾಡ ಅಜ್ಜಿ. ನಾಳೆ ಹೆಂಗೂ ಬೀದಿಯೋರೆಲ್ಲ ಸೇರ್ತಾರೆ. ಅಲ್ಲೇ ಅರ್ಥಕ್ಕೆ ಕೂರ್ಸನ."

ನಮ್ಮೂರಲ್ಲಿ ಇದು ಹೊಸದಲ್ಲ. ಬಸ್ಸು, ಕರೆಂಟು, ಟಿಕೀಟು ಇಂಥ ದಿನದಿನದ ಇಂಗ್ಲಿಷು ಮಾತು ಯಾರ ಮೇಲೂ ಕೂರುವುದಿಲ್ಲ. ಕೂರುವುದು ಹಳೆಯವು, ಆ ನಾಡಿನವರೇ ಆಡುವುದನ್ನು ಬಿಟ್ಟು ಎಷ್ಟೋ ಕಾಲವಾದವು. ಒಮ್ಮೆ ಕೂತರೆ ಆ ಮನುಷ್ಯನ ಬಾಯಿಂದ ಅದೊಂದೇ ಮಾತು. ನೀರು ಬೇಕಾದರೂ ಅದೇ, ಬೈಯಬೇಕಾದರೂ ಅದೇ. ಅವನಿಗೂ ಅರ್ಥ ತಿಳಿಯದು, ಆದರೆ ಒಳಗೆ ಎಲ್ಲೋ ಮೈಗೆ ಗೊತ್ತಿರುತ್ತದೆ. ಬೀದಿಯವರು ಮನೆಗೊಬ್ಬರಂತೆ ಬಂದು ಅವನ ಮುಂದೆ ಕೂತು, ಇದಾ ಅದಾ ಎಂದು ಒಂದೊಂದೇ ಕೇಳುತ್ತಾ ಹೋಗಬೇಕು. ಸರಿಯಾದ ಅರ್ಥವನ್ನು ನಮ್ಮ ಮಾತಲ್ಲಿ, ಬಯಲಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಾಗ ಅವನು "ಹೂಂ" ಅನ್ನುತ್ತಾನೆ. ಆ ಹೂಂಗೆ ಇಂಗ್ಲಿಷು ಇಳಿದುಹೋಗುತ್ತದೆ. ಒಳಮನೆಯಲ್ಲಿ ಬಾಗಿಲು ಹಾಕಿಕೊಂಡು ಕೇಳಿದರೆ ಇಳಿಯುವುದಿಲ್ಲ. ಅರ್ಥ ಸಿಗದೆ ಸತ್ತವರೂ ಇದ್ದಾರೆ. ಅಂಥವರ ಬಾಯಿಗೆ ಅಕ್ಕಿ ಹಾಕುವಾಗ ಅವರ ಆ ಮಾತನ್ನೇ ಒಮ್ಮೆ ಹೇಳಿ ಹಾಕುತ್ತೇವೆ.

ಬಹುಪಾಲು ಇದು ನಗೆಯಲ್ಲೇ ಮುಗಿಯುತ್ತಿತ್ತು. ಟೈಲರ್ ರಾಮೋಜಣ್ಣನ ಮೇಲೆ "ಓವರ್‌ಮಾರೋ" ಅನ್ನುವುದು ಕೂತಾಗ ಬೀದಿಯೆಲ್ಲ ಗುಂಡಿ, ಕಾಜ, ಅಸ್ತರು ಎಂದು ಸಂಜೆವರೆಗೆ ತಡಕಾಡಿತ್ತು. ಕೊನೆಗೆ ಅವನ ಹೆಂಡತಿ ಒಲೆ ಮುಂದಿನಿಂದ ಎದ್ದು ಬಂದು, "ಇವ್ರ ಬಾಯಲ್ಲಿ ಇನ್ನೇನು ಬಂದಾತು? ನಾಡಿದ್ದು ಬಾ, ನಾಡಿದ್ದು ಬಾ. ನಾಡಿದ್ದು ಅಂತಲೇ ಇರ್ಬೇಕು" ಅಂದಳು. ರಾಮೋಜಣ್ಣ "ಹೂಂ" ಅಂದ. ಸುಣ್ಣದ ಗೂಡಿನ ಮೇಸ್ತ್ರಿಗೆ "ಫಜಲ್" ಕೂತಾಗ ಕಲ್ಲು ಹೊರುವ ಹೆಂಗಸರು ಒಂದೇ ಏಟಿಗೆ ಹೇಳಿಬಿಟ್ಟರು: ಕೆಲಸ ಮಾಡೋರಂಗೆ ಆಡ್ತಾ ಏನೂ ಮಾಡ್ದೆ ಇರೋದು. ಈಗಲೂ ಗೂಡಿನಲ್ಲಿ ಯಾರಾದರೂ ಸುಮ್ಮನೆ ಸನಿಕೆ ಎಳೆದಾಡುತ್ತಿದ್ದರೆ, "ಏನ್ಲಾ, ಫಜಲ್ ಮಾಡ್ತಿದೀಯಾ" ಅನ್ನುತ್ತೇವೆ. ಚಳಿಗಾಲದ ಬಿಸಿಲು ಬೆನ್ನಿಗೆ ಕೊಡುವ ಬೆಚ್ಚನೆಗೆ ಇಂಗ್ಲಿಷಿನಲ್ಲಿ "ಏಪ್ರಿಸಿಟಿ" ಎಂಬ ಮಾತಿತ್ತೆಂದು ನಮಗೆ ತಿಳಿದದ್ದು ನನ್ನ ಮಾವನಿಂದ. ಅವರು ಹೋದರು. ಮಾತು ಊರಲ್ಲಿ ಉಳಿಯಿತು.

ಇನ್ನು ತೊಟ್ಟಿಲ ವಿಷಯ. ಅರಗಿನ ಬಣ್ಣ ಹಚ್ಚಿದ, ಸುತ್ತ ಕಟಕಟೆ ಇರುವ, ಸರಪಳಿಯಲ್ಲಿ ತೂಗುಹಾಕುವ ದೊಡ್ಡ ತೊಟ್ಟಿಲು ಅದು. ಅಜ್ಜಿಯ ಅತ್ತೆಯ ಕಾಲದ್ದು. ಬೀದಿಯಲ್ಲಿ ಯಾರ ಮನೆಗೆ ಕೂಸು ಬಂದರೂ ಸಾವಂತ್ರಜ್ಜಿಯ ತೊಟ್ಟಿಲೇ ಆಗಬೇಕು. ಅದರಲ್ಲಿ ಮಲಗಿದ ಕೂಸು ಗಟ್ಟಿಯಾಗುತ್ತದೆ ಎಂಬ ಮಾತು ಬೆಳೆದುಬಿಟ್ಟಿತ್ತು. ಗಟ್ಟಿಯಾಗದೆ ಹೋದದ್ದು ಅಜ್ಜಿಯ ಸ್ವಂತ ಮೊಮ್ಮಗು ಒಂದೇ. ಆದರೆ ಆ ಕೂಸು ಹೋದದ್ದು ತಾಯ ಹಾಲಿನಿಂದ ಎಂದು ಎಲ್ಲರೂ ನಂಬಿದ್ದರಿಂದ ತೊಟ್ಟಿಲಿಗೆ ಕಳಂಕ ಹತ್ತಿರಲಿಲ್ಲ.

ಆ ತಾಯಿ ಮಾಳವ್ವ. ಅಜ್ಜಿಯ ಒಬ್ಬನೇ ಮಗ ಪಾತಣ್ಣನ ಹೆಂಡತಿ. ಕೂಸು ಆಗಷ್ಟೇ ತೆವಳುತ್ತಿತ್ತು. ಒಂದು ಬೆಳಿಗ್ಗೆ ಹಾಲು ಕುಡಿಸಿ ಮಾಳವ್ವ ಸುಣ್ಣದ ಗೂಡಿಗೆ ಕೆಲಸಕ್ಕೆ ಹೋದಳು. ಮಧ್ಯಾಹ್ನ ಬಂದಾಗ ಕೂಸು ಚಾಪೆಯ ಮೇಲಿತ್ತು, ಮೇಲೆ ಬಟ್ಟೆ ಹೊದಿಸಿತ್ತು. "ನಿನ್ನ ಹಾಲು ಕುಡಿದಿದ್ದೇ ನೀಲಿಗಟ್ಕಂಡು ಹೋಯ್ತು ಕಣೇ" ಎಂದು ಅಜ್ಜಿ ಬೀದಿಗೆ ಬಂದು ಎದೆ ಬಡಿದುಕೊಂಡಳು. ನಾವು ನಂಬಿದೆವು. ಮಾಳವ್ವನೂ ನಂಬಿದಳು. ಕೂಸು ಹೋದ ಮೇಲೂ ಅವಳಿಗೆ ಹಾಲು ನಿಲ್ಲಲಿಲ್ಲ. ಮಣ್ಣಿಗೆ ಬಿದ್ದರೆ ಪೈರು ಸುಟ್ಟೀತು, ನಾಯಿ ನೆಕ್ಕಿದರೆ ಸತ್ತೀತು ಎಂದು ಯಾರು ಯಾರೋ ಹೇಳಿದರು. ಅವಳು ಸುಣ್ಣ ಅರಳಿಸುವ ಗುಂಡಿಯ ಪಕ್ಕ ಕೂತು ಹಾಲನ್ನು ಆ ಕುದಿಯುವ ಸುಣ್ಣಕ್ಕೆ ಹಿಂಡುತ್ತಿದ್ದುದನ್ನು ನಾನೇ ನೋಡಿದ್ದೇನೆ. ಆಮೇಲೆ ಗಂಡನ ಮನೆಯಿಂದ ಅವಳನ್ನು ಹೊರಗೆ ಹಾಕಿದರು. ತೌರಿನವರೂ ಸೇರಿಸಲಿಲ್ಲ. ಬಸ್ಸು ತಿರುಗುವ ಜಾಗದಲ್ಲಿ ತಗಡಿನ ಮರೆ ಕಟ್ಟಿಕೊಂಡು, ಕಡಲೆಕಾಯಿ ಬೇಯಿಸಿ ಮಾರಿಕೊಂಡು ಇದ್ದಳು. ಬುಟ್ಟಿ ಹೊತ್ತು ಅವಳು ಬೀದಿಗೆ ಬಂದರೆ ಬಾಣಂತಿಯರು ಕೂಸಿನ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ಅವಳೂ ಅದಕ್ಕೆ ಒಗ್ಗಿ, ಕೂಸಿರುವ ಮನೆಯ ಮುಂದೆ ಬಂದಾಗ ಮುಖ ಆಚೆ ತಿರುಗಿಸಿಕೊಂಡು ನಡೆಯುತ್ತಿದ್ದಳು.

ಮಾರನೆಯ ದಿನ ಬೆಳಿಗ್ಗೆ ನಮ್ಮ ಮನೆ ಮುಂದೆ ಚಪ್ಪರದಡಿ ಜನ ಸೇರಿದರು. ತೊಟ್ಟಿಲನ್ನು ಚಪ್ಪರದ ತೊಲೆಗೇ ತೂಗುಹಾಕಿದ್ದೆವು. ಅಜ್ಜಿಯನ್ನು ಪಾತಣ್ಣ ಕೈಹಿಡಿದು ತಂದು ಅದರ ಎದುರು ಮಣೆಯ ಮೇಲೆ ಕೂರಿಸಿದ. ಕೇಳುವ ಯಜಮಾನಿಕೆ ಎಂದಿನಂತೆ ಟೀ ಅಂಗಡಿಯ ಓಬಳೇಶಣ್ಣನದು. ಅವನು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಅಜ್ಜಿ, ಒಂದ್ಸಲ ಅನ್ನು, ಎಲ್ರೂ ಕೇಳ್ಕಳ್ಳಿ" ಅಂದ. "ಡಿಯೋಡಾಂಡ್." "ದೇವ್ರ ದಂಡ ಅಂದಂಗೆ ಐತಲ್ಲಪ್ಪ" ಅಂತ ಹಿಂದಿನಿಂದ ಯಾರೋ ಅಂದರು. "ಥೂ, ಸದ್ದು ನೋಡಿ ಅರ್ಥ ಹಚ್ಚಬ್ಯಾಡ್ರೋ. ಅಂಗೇ ಹಚ್ಚೋಕೋಗಿ ರಾಮೋಜಣ್ಣಂಗೆ ಮಾರೋದು ಮಾರೋದು ಅಂತ ಅರ್ಧ ದಿನ ಕೂಗಿದ್ರಿ" ಎಂದು ಓಬಳೇಶಣ್ಣ ಗದರಿದ. ರಾಮೋಜಣ್ಣ, "ನನ್ನ ಯಾಕೆ ಎಳೀತೀಯ ಮಾರಾಯ" ಅಂದ. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ.

"ತಿನ್ನೋ ವಸ್ತುನಾ? ಉಡೋ ವಸ್ತುನಾ? ಸೊಪ್ಪಾ? ರೋಗನಾ?" ಒಂದಕ್ಕೂ ಅಜ್ಜಿಯ ಮುಖ ಅಲುಗಲಿಲ್ಲ. ಅವಳ ಕಣ್ಣು ತೊಟ್ಟಿಲ ಮೇಲೇ ಇತ್ತು. ಅದನ್ನು ಓಬಳೇಶಣ್ಣ ಹಿಡಿದ. "ನೋಡ್ರಿ, ನೋಡ್ರಿ, ಅಲ್ಲೇ ಐತೆ. ತೊಟ್ಟಿಲು! ತೊಟ್ಲು ತೂಗೋದು! ಜೋಗುಳ! ಬಾಣಂತಿ ಕೋಣೆ!" ಹೂಂ ಬರಲಿಲ್ಲ. ಆದರೆ ತೊಟ್ಟಿಲು ಅಂದಾಗಲೆಲ್ಲ ಅಜ್ಜಿ ಆ ಮಾತನ್ನು ಜೋರಾಗಿ ಹೇಳುತ್ತಿದ್ದಳು. ಕತ್ತಿನ ನರ ಉಬ್ಬುತ್ತಿತ್ತು. "ಹತ್ರ ಬಂದ್ವಿ ಕಣ್ರಪ್ಪ" ಎಂದು ಜನಕ್ಕೆ ಹುರುಪು ಬಂತು. "ಮನೆ ಬೆಳಗೋ ತೊಟ್ಲು! ಕೂಸು ಕಾಯೋ ತೊಟ್ಲು!" ಕೊನೆಗೆ ಓಬಳೇಶಣ್ಣ ನನ್ನ ಮಗಳ ಕಡೆ ತಿರುಗಿ, "ಬರೀ ತೊಟ್ಲು ತೋರ್ಸಿದ್ರೆ ಏನಾತು? ಭಾರತವ್ವ, ಕೂಸು ತಂದು ಮಲಗ್ಸು. ಅಜ್ಜಿ ಖುಷಿಗೆ ತಾನೇ ಹೂಂ ಅಂತಾಳೆ" ಅಂದ.

ಭಾರತಿ ಕೂಸನ್ನು ತಂದು ಮಲಗಿಸಿದಳು. ಅಜ್ಜಿ ಮಣೆಯಿಂದ ಎದ್ದುಬಿಟ್ಟಳು. ಮೊಣಕಾಲು ನೋವೆಂದು ಇಬ್ಬರು ಹಿಡಿದರಷ್ಟೇ ಏಳುವವಳು ಒಬ್ಬಳೇ ಎದ್ದು, ಆ ಮಾತನ್ನು ಕಿರುಚುತ್ತಾ ಬಂದು ತೊಟ್ಟಿಲ ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೆಂಗಸರು "ಅಗೋ, ಹರಸ್ತಾವ್ಳೆ" ಎಂದು ಅಕ್ಷತೆ ಎರಚಿದರು. ಅರಿಸಿನದ ಅಕ್ಕಿ ಅಜ್ಜಿಯ ತಲೆಯ ಮೇಲೆ, ಕೂಸಿನ ಹೊಟ್ಟೆಯ ಮೇಲೆ ಬಿತ್ತು. ಕೂಸು ಬೆದರಿ ಅಳತೊಡಗಿತು.

ನಾನು ಹತ್ತಿರವಿದ್ದೆ. ಹರಸುವವರ ಮುಖ ಹಾಗಿರುವುದಿಲ್ಲ ಎಂದು ನನಗೆ ಕಂಡಿತು. ಕೈ ಬಿಡಿಸೋಣವೆಂದು ಹೋದರೆ ಅಜ್ಜಿ ಹಿಡಿದದ್ದು ಇಡೀ ಕಟಕಟೆಯನ್ನಲ್ಲ, ಒಂದೇ ಒಂದು ಕಡ್ಡಿಯನ್ನು. ಬೆರಳನ್ನು ಒಂದೊಂದಾಗಿ ಎತ್ತಿದೆ. ಮಿಕ್ಕ ಕಡ್ಡಿಗಳೆಲ್ಲ ಉರುಟಾಗಿ, ಹೂಜಿಯ ಕತ್ತಿನ ಹಾಗೆ ತಿರುವಿಕೊಂಡು, ಕೆಂಪು ಹಳದಿ ಅರಗು ಹೊದ್ದುಕೊಂಡಿದ್ದವು. ಇದಕ್ಕೂ ಕೆಂಪು ಬಣ್ಣ ಬಳಿದಿತ್ತು, ಆದರೆ ಬಣ್ಣ ಎದ್ದ ಕಡೆ ಕಾಣುತ್ತಿದ್ದುದು ಬೇವು. ಎಂಟು ಮೂಲೆ ಬರುವ ಹಾಗೆ ಹೆರೆದದ್ದು. ನಮ್ಮ ಬೀದಿಯ ಗುದ್ದಲಿ, ಪಿಕಾಸಿ, ಕೊಡಲಿಗಳ ಹಿಡಿಯೆಲ್ಲ ಹಾಗೇ ಇವೆ. ಹಾಗೆ ಹೆರೆಯುವವನು ಊರಲ್ಲಿ ಒಬ್ಬನೇ, ಪಾತಣ್ಣ. ನಾನು ತಲೆ ಎತ್ತಿ ಪಾತಣ್ಣನ ಮುಖ ನೋಡಿದೆ. ಅವನು ಕಾಲ ಬೆರಳಲ್ಲಿ ನೆಲ ಕೆರೆಯುತ್ತಿದ್ದ.

"ಭಾರತಿ, ಕೂಸು ಎತ್ಕ" ಅಂದೆ. ನನ್ನ ದನಿ ಕೇಳಿ ಅವಳು ಕಸಿದುಕೊಂಡಂತೆ ಎತ್ತಿಕೊಂಡಳು. "ಅಜ್ಜೀ" ಅಂದೆ, "ಈ ಕಡ್ಡಿ ಮುಂಚೆ ಹೋಗಿತ್ತಾ?" ಅಜ್ಜಿ ಕಡ್ಡಿ ಬಿಟ್ಟಳು. ಅದರ ಪಕ್ಕದ ಸಂದಿಯಲ್ಲಿ ತನ್ನ ಮುಂಗೈ ತೂರಿಸಿ, ಅಲ್ಲೇ ಸಿಕ್ಕಿಕೊಂಡ ಹಾಗೆ ಅದನ್ನು ಜೋಲುಬಿಟ್ಟಳು. ಅಕ್ಷತೆಯ ತಟ್ಟೆ ಹಿಡಿದವಳು ಹಾಗೇ ಹಿಡಿದುಕೊಂಡಿದ್ದಳು. ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು, ಅದು ಪದ್ಧತಿ. "ಜೀವ ತಗಂಡಿರೋ ವಸ್ತು" ಅಂದೆ.

ಹೂಂ ಬರಲಿಲ್ಲ. ಅಜ್ಜಿ "ಡಿಯೋಡಾಂಡ್" ಎಂದು ಮೆಲ್ಲಗೆ ಅಂದು, ತೊಟ್ಟಿಲನ್ನು ತನ್ನಿಂದ ಆಚೆಗೆ ತಳ್ಳಿದಳು. ಅದು ತೂಗಿ ವಾಪಸು ಬಂತು. ಮತ್ತೆ ತಳ್ಳಿದಳು. ಗುಡ್ಡದ ದೇವರ ದಿಕ್ಕಿಗೆ ತಿರುಗಿ ಕೈ ಮುಗಿದಳು. "ಜೀವ ತಗಂಡಿರೋ ವಸ್ತು" ಅಂದೆ ಮತ್ತೆ, "ಅದನ್ನ ಮನೇಲಿ ಮಡಿಕಬಾರ್ದು, ದೇವ್ರಿಗೆ ಕೊಟ್ಬುಡಬೇಕು." 

"ಹೂಂ" ಅಂದಳು ಸಾವಂತ್ರಜ್ಜಿ.

ಯಾವಾಗಲೂ ಹೂಂ ಬಂದ ಕೂಡಲೇ ಚಪ್ಪಾಳೆ ಬೀಳುತ್ತಿತ್ತು. ಆವತ್ತು ಯಾರ ಕೈಯೂ ಏಳಲಿಲ್ಲ. ಇಡೀ ಬೀದಿ ಆ ತೊಟ್ಟಿಲನ್ನು ನೋಡುತ್ತಿತ್ತು. ಅಲ್ಲಿ ನಿಂತಿದ್ದ ಎಷ್ಟೋ ಹೆಂಗಸರ ಮಕ್ಕಳು ಅದರಲ್ಲಿ ಮಲಗಿ ಎದ್ದವೇ. ಒಬ್ಬಳು ತನ್ನ ಪಕ್ಕ ನಿಂತಿದ್ದ ಹತ್ತು ವರ್ಷದ ಮಗಳನ್ನು ಸೊಂಟಕ್ಕೆ ಅವುಚಿಕೊಂಡಳು. ಅಜ್ಜಿಗೆ ಮಾತು ವಾಪಸು ಬಂದಿತ್ತು. ಕಟ್ಟೆ ಒಡೆದಂತೆ ಬಂತು. "ಕಾಲ್ಬೆರ್ಳಿಗೆ ಹಗ್ಗ ಕಟ್ಕಂಡು ತೂಗ್ತಿದ್ದೆ ಕಣ್ರವ್ವ. ಕೈಯಾಗೆ ಹುಣಸೆಹಣ್ಣು ಕುಟ್ತಿದ್ದೆ. ಕಡ್ಡಿ ಯಾವಾಗ ಕಳಚ್ಕಂತೋ, ಕೂಸು ಯಾವಾಗ ಜಾರ್ತೋ, ಕತ್ತು ಯಾವಾಗ ಸಿಕ್ಕಾಕ್ಕಂತೋ ನಂಗೆ ತಿಳೀಲಿಲ್ಲ. ನಾನು ಹಿಂದ್ಗಡೆಗೆ ನೋಡ್ದೆ ತೂಗ್ತಾನೇ ಇದ್ದೆ. ಸದ್ದಿಲ್ಲ, ನಿದ್ದೆ ಹತ್ತೈತೆ ಅನ್ಕಂಡು ಇನ್ನೂ ಜೋರಾಗಿ ತೂಗ್ದೆ."

ಯಾರೋ "ಅಯ್ಯಯ್ಯೋ" ಅಂದರು. ಓಬಳೇಶಣ್ಣ "ಅಂಗಾದ್ರೆ ತಪ್ಪು ತೊಟ್ಲುದು" ಅಂದ. ಅಷ್ಟು ಸಾಕಾಯಿತು. ಜನರ ಉಸಿರು ಸಡಿಲವಾದದ್ದು ನನಗೆ ಕೇಳಿಸಿತು. "ಹೌದಪ್ಪ, ಮುದುಕಿ ಏನು ಬೇಕಂತ ಮಾಡಿದ್ಲಾ? ತೊಟ್ಲೇ ತಿಂದಿದ್ದು." "ಅದೇ ಕಣ್ರಪ್ಪ" ಎಂದು ಅಜ್ಜಿ ಆ ಮಾತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾನಲ್ಲ. ಅದು. ಇಂಗ್ಲೀಸ್ನಾಗೇ ಅದಕ್ಕೊಂದು ಮಾತೈತೆ ಅಂದಮ್ಯಾಗೆ ಇನ್ನೇನು? ಮಾಡಿದ್ದು ವಸ್ತು, ದೇವ್ರಿಗೆ ಕೊಟ್ರೆ ತೀರ್ತು." ಒಬ್ಬ ಮುಂದೆ ಬಂದು ತೊಟ್ಟಿಲಿಗೆ ಕಾಲಲ್ಲಿ ಒದ್ದ. ಇನ್ನೊಬ್ಬಳು ಉಗಿದಳು. ಗುಡ್ಡಕ್ಕೆ ಹೊರುವುದು ಯಾರು, ಮೊದಲು ಸೂತಕ ಕಳೆಯಬೇಕಾ ಎಂದು ಆಗಲೇ ಚರ್ಚೆ ಶುರುವಾಗಿತ್ತು.

ಆಗ ಮಾಳವ್ವ ಚಪ್ಪರದೊಳಗೆ ಬಂದಳು. ಅವಳು ಬೀದಿಯ ಆ ಬದಿಯಲ್ಲಿ, ಲೈಟು ಕಂಬದ ಬುಡದಲ್ಲಿ ಬುಟ್ಟಿ ಇಳಿಸಿಕೊಂಡು ನಿಂತಿದ್ದಳೆಂದು ನಮಗೆ ಗೊತ್ತಿತ್ತು. ಬಾ ಅಂತಲೂ ಹೋಗು ಅಂತಲೂ ಯಾರೂ ಅಂದಿರಲಿಲ್ಲ. ಎಲ್ಲ ಕೇಳಿಸಿಕೊಂಡಿದ್ದಳು. ದಾರಿ ಬಿಟ್ಟರು. ಅವಳು ಯಾರ ಮುಖವನ್ನೂ ನೋಡದೆ ತೊಟ್ಟಿಲ ಹತ್ತಿರ ಕೂತು, ಆ ಬೇವಿನ ಕಡ್ಡಿಯನ್ನು ಬೆರಳಲ್ಲಿ ಮೇಲಿಂದ ಕೆಳಗೆ ಸವರಿದಳು. ಎದೆಯ ಮೇಲಿನ ಸೆರಗನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. "ಕಡ್ಡಿ ಅಲ್ಲಾಡ್ತೈತೆ ಅಂತ ಆ ವಾರದಾಗೇ ಹೇಳಿದ್ನಲ್ಲ ಅತ್ತೆ" ಅಂದಳು. ದನಿ ಏರಿರಲಿಲ್ಲ. ಅಜ್ಜಿ, "ತೊಟ್ಲು ಕಣೆ ಮಾಳಿ, ಎಲ್ರೂ ಅಂದ್ರಲ್ಲ, ತೊಟ್ಲು" ಅಂದಳು.

"ತೊಟ್ಲು ಸರಿ" ಅಂದಳು ಮಾಳವ್ವ. "ಆಮ್ಯಾಗೆ? ತೊಟ್ಲೇ ಎದ್ದೋಗಿ ಹೊಸ ಕಡ್ಡಿ ಹಾಕಿಸ್ಕಂಡು ಬಂತಾ? ತೊಟ್ಲೇ ಬೀದಿಗೆ ಬಂದು ನನ್ನ ಹಾಲು ವಿಷ ಅಂತ ಸಾರ್ಕಂತಾ?"

ಅಜ್ಜಿಯ ಬಾಯಿ ತೆರೆದೇ ಇತ್ತು. ಈಗ ಅವಳ ಮೇಲೆ ಯಾವ ಮಾತೂ ಕೂತಿರಲಿಲ್ಲ. ಹುಟ್ಟಿದಾರಭ್ಯ ಆಡಿದ ಮಾತೆಲ್ಲ ಅವಳದೇ ಆಗಿತ್ತು. ಒಂದೂ ಬರಲಿಲ್ಲ. ಉತ್ತರ ಬಂದದ್ದು ಪಾತಣ್ಣನಿಂದ. "ಕಡ್ಡಿ ಹೆರೆದದ್ದು ನಾನೇ" ಅಂದ. ನೆಲವನ್ನೇ ನೋಡುತ್ತಿದ್ದ. "ಮಣ್ಣು ಮಾಡಿ ಬಂದ ಸಂಜೆನೇ ಹೆರೆದೆ. ಅವ್ವ ಕಾಲು ಹಿಡ್ಕಂಡ್ಲು." 

ಮಾಳವ್ವ ಗಂಡನ ಕಡೆ ನೋಡಿದಳು. ಬೈಯುತ್ತಾಳೆ ಎಂದುಕೊಂಡೆವು, ಮಣ್ಣು ತೂರುತ್ತಾಳೆ ಎಂದುಕೊಂಡೆವು. ಅವಳು ನಿಧಾನವಾಗಿ, ಲೆಕ್ಕ ಸಿಗದವಳ ಹಾಗೆ, "ನಿಂಗೆ ಗೊತ್ತಿತ್ತಾ" ಅಂದಳು ಅಷ್ಟೆ. "ನಾನು ಸುಣ್ಣದ ಗುಂಡಿ ತಾವ ಕೂತ್ಕಂಡು ಹಿಂಡ್ತಿದ್ದಾಗ ಪಕ್ಕದಾಗೇ ಸನಿಕೆ ಹಿಡ್ಕಂಡು ನಿಂತಿದ್ಯಲ್ಲ. ಆಗ್ಲೂ ಗೊತ್ತಿತ್ತಾ?" ಪಾತಣ್ಣ ತೊಟ್ಟಿಲ ಸರಪಳಿ ಬಿಚ್ಚಿದ. ಯಾರನ್ನೂ ಕರೆಯದೆ, ನಾವಿಬ್ಬರು ಹೊತ್ತು ತಂದಿದ್ದನ್ನು ಒಬ್ಬನೇ ಬೆನ್ನಿಗೇರಿಸಿಕೊಂಡು ಗುಡ್ಡದ ದಾರಿ ಹಿಡಿದ. ಯಾರೂ ಅವನ ಹಿಂದೆ ಹೋಗಲಿಲ್ಲ. ಅಜ್ಜಿ ಮಣೆಯ ಮೇಲೆ ಕೂತಿದ್ದಳು. ಅವಳ ಕೂದಲಲ್ಲಿ ಅಕ್ಷತೆ ಹಾಗೇ ಇತ್ತು. ಅದನ್ನು ತೆಗೆಯಲೂ ಯಾರೂ ಹೋಗಲಿಲ್ಲ.

ಮಾಳವ್ವ ಎದ್ದು ಸೀರೆ ಕೊಡವಿಕೊಂಡು ಬುಟ್ಟಿಯ ಕಡೆ ಹೊರಟಳು. ಅಷ್ಟರಲ್ಲಿ ಭಾರತಿ, ನನ್ನನ್ನು ಕೇಳಲೂ ಇಲ್ಲ, ನನ್ನ ಕಡೆ ನೋಡಲೂ ಇಲ್ಲ, "ಅಕ್ಕಾ, ವಸಿ ಇವನ್ನ ಹಿಡ್ಕ. ಆವಾಗಿಂದ ಅಳ್ತಾವ್ನೆ, ನನ್ನ ಕೈ ಸೋತೋಗೈತೆ" ಎಂದು ಕೂಸನ್ನು ಮುಂದಕ್ಕೆ ಚಾಚಿದಳು. ಮಾಳವ್ವ ಒಂದು ಹೆಜ್ಜೆ ಹಿಂದಕ್ಕೆ ಹೋದಳು. ಅಭ್ಯಾಸದಂತೆ ಮುಖ ಆಚೆ ತಿರುಗಿತು. ಆಮೇಲೆ ಈಚೆ ತಿರುಗಿತು. ಕೈ ಎರಡನ್ನೂ ಸೀರೆಗೆ ಒರೆಸಿಕೊಂಡು, ಇನ್ನೊಮ್ಮೆ ಒರೆಸಿಕೊಂಡು, ತಗೊಂಡಳು. ಹಿಡಿಯುವ ಬಗೆ ಮರೆತಿದ್ದಳು, ಕತ್ತಿನ ಕೆಳಗೆ ಕೈ ತಡವಾಗಿ ಹೋಯಿತು. ಕೂಸು ಅವಳ ಎದೆಗೆ ಮುಖ ತಿಕ್ಕುತ್ತಾ ಬಾಯಿ ತೆರೆದು ಹಾಲಿಗೆ ಹುಡುಕಿತು.

ನನ್ನ ಎರಡೂ ಕೈ ಮುಂದಕ್ಕೆ ಹೋದವು. ನಾನು ಕಳಿಸಿದ್ದಲ್ಲ, ತಾವಾಗಿ ಹೋದವು. ಅರ್ಥ ಹೇಳಿದವಳು ನಾನು, ಹೂಂ ಕೇಳಿದವಳು ನಾನು, ಆದರೂ ನನ್ನ ಕೈ ಕೂಸನ್ನು ಅವಳ ಎದೆಯಿಂದ ಕಿತ್ತುಕೊಳ್ಳಲು ಹೋಗಿದ್ದವು. ಮಾಳವ್ವ ನೋಡಿದಳು. ನಾನು ಕೈ ಹಿಂದಕ್ಕೆ ತೆಗೆಯಲಾರದೆ ಹಾಗೇ ನಿಂತಿದ್ದೆ. 

"ತಡಿ ಈರಕ್ಕ" ಅಂದಳು ಮಾಳವ್ವ. "ಇನ್ನೊಂಚೂರು ಹೊತ್ತು."

ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಸೆರಗಿನೊಳಗೆ ಸುತ್ತಿಕೊಂಡು, ನಾನು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತೆ.